ಧಮನಿ ಮುಚ್ಚಿದ ಮೇಲೆ ಉಳಿಯುವ ಹೊತ್ತು

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದು ಹೊರಟರೆ, ನಲವತ್ತು ಕಿಲೋಮೀಟರು ಮುಗಿಯುವುದರೊಳಗೆ ಕಮಲಾಪುರ ಎದುರಾಗುತ್ತದೆ. ಈ ಊರಿನ ಕೆಂಪು ಬಾಳೆ ನಾಡಿನಲ್ಲೆಲ್ಲ ಹೆಸರಾದುದು; ಭೌಗೋಳಿಕ ಸೂಚಿಕೆಯ ಮನ್ನಣೆಯನ್ನೂ ಪಡೆದುದು. ಬಾಳೆಯ ತೋಟಕ್ಕೆ ನೀರು ಕಟ್ಟುವ ರೈತನು ಒಂದು ಸಂಗತಿಯನ್ನು ಯಾವ ಪುಸ್ತಕದ ನೆರವೂ ಇಲ್ಲದೆ ಬಲ್ಲನು. ಕಾಲುವೆಯ ಬಾಯಿಗೆ ಮಣ್ಣು ಕುಸಿದು ನೀರು ನಿಂತಿತೆಂದರೆ, ತೋಟವೆಲ್ಲ ಒಂದೇ ಸಲಕ್ಕೆ ಒಣಗುವುದಿಲ್ಲ. ಮೊದಲು ಬಾಡುವುದು ಕಾಲುವೆಯ ತುದಿಯಲ್ಲಿರುವ ಮಡಿ. ಅನಂತರ ಅದರ ಹಿಂದಿನದು. ಆಮೇಲೆ ಅದರ ಹಿಂದಿನದು. ಎಲೆ ಬಾಡಿದ ಗಿಡಕ್ಕೆ ಹೊತ್ತಿಗೆ ಸರಿಯಾಗಿ ನೀರು ಬಂದರೆ ಅದು ತಲೆಯೆತ್ತುತ್ತದೆ. ಹೊತ್ತು ಮೀರಿ ಬಂದರೆ, ಎಷ್ಟು ಕೊಡ ಸುರಿದರೂ ಏಳುವುದಿಲ್ಲ.

ಮನುಷ್ಯನ ದೇಹದಲ್ಲಿಯೂ ಇಂಥ ಕಾಲುವೆಗಳುಂಟು. ಅವುಗಳಿಗೆ ಧಮನಿಗಳೆಂದು ಹೆಸರು. ಅವುಗಳಲ್ಲಿ ಒಂದು ಮುಚ್ಚಿಹೋಗಿ, ಅದನ್ನೇ ನೆಚ್ಚಿಕೊಂಡಿದ್ದ ಅಂಗಾಂಶವು ರಕ್ತವಿಲ್ಲದೆ ಸಾಯುವುದನ್ನು ವೈದ್ಯರು ‘ಇನ್‌ಫಾರ್ಕ್ಷನ್’ ಎಂದು ಕರೆಯುತ್ತಾರೆ. ಹೀಗೆ ಸತ್ತ ಭಾಗವೇ ‘ಇನ್‌ಫಾರ್ಕ್ಟ್’. ಆಸ್ಪತ್ರೆಯ ಚೀಟಿಯ ಮೇಲೆ ‘ಎಂ.ಐ.’ ಎಂಬ ಎರಡು ಅಕ್ಷರಗಳನ್ನು ಕಂಡು ಎದೆಗುಂದಿದ ಮನೆಗಳು ಲೆಕ್ಕವಿಲ್ಲದಷ್ಟು. ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬುದು ಅವುಗಳ ಪೂರ್ಣ ರೂಪ. ಅರ್ಥ ಇಷ್ಟೆ: ರಕ್ತ ಸಿಗದೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿದೆ. ನಾವು ಹೃದಯಾಘಾತವೆನ್ನುವುದು ಇದನ್ನೇ.

ಹೆಸರಿನ ಕಥೆ

ಈ ಹೆಸರಿನ ಮೂಲ ಲ್ಯಾಟಿನ್ ಭಾಷೆಯ ‘ಇನ್‌ಫಾರ್ಸಿರೆ’ ಎಂಬ ಕ್ರಿಯಾಪದ. ಗಿಡಿದು ತುಂಬು, ತುರುಕು ಎಂದು ಅದರ ಅರ್ಥ. ಬರಿದಾದುದಕ್ಕೆ ತುಂಬಿದ ಹೆಸರೇಕೆ ಎಂದು ವಾಚಕರು ಕೇಳಬಹುದು. ಶ್ವಾಸಕೋಶದಂಥ ಅಂಗಗಳಲ್ಲಿ ಒಂದು ಧಮನಿ ಮುಚ್ಚಿದರೂ ಸುತ್ತಲಿನ ಸಣ್ಣ ನಾಳಗಳಿಂದ ರಕ್ತವು ಒಸರಿ, ಸತ್ತ ಭಾಗದಲ್ಲಿ ತುಂಬಿಕೊಳ್ಳುತ್ತದೆ. ಶವವನ್ನು ಕೊಯ್ದು ನೋಡಿದ ಹಿಂದಿನ ವೈದ್ಯರಿಗೆ ಅದು ರಕ್ತವನ್ನು ಗಿಡಿದು ತುಂಬಿದ ಗಡ್ಡೆಯಂತೆ ಕಂಡಿತು. ಹೃದಯ, ಮೂತ್ರಪಿಂಡಗಳಲ್ಲಿ ಸತ್ತ ಭಾಗವು ಹೀಗೆ ಕೆಂಪಾಗದೆ ಬಿಳಿಚಿಕೊಳ್ಳುವುದೇ ಹೆಚ್ಚು. ಆದರೂ ಮೊದಲು ಇಟ್ಟ ಹೆಸರೇ ಎಲ್ಲಕ್ಕೂ ನಿಂತಿತು.

ಹತ್ತೊಂಬತ್ತನೆಯ ಶತಮಾನದ ನಡುವೆ ಜರ್ಮನಿಯ ರುಡಾಲ್ಫ್ ವಿರ್ಕೋ ಎಂಬ ವೈದ್ಯನು ಈ ವಿಷಯಕ್ಕೆ ಬೆಳಕು ತಂದನು. ರಕ್ತವು ನಾಳದೊಳಗೇ ಹೆಪ್ಪುಗಟ್ಟಬಲ್ಲದೆಂದೂ, ಆ ಹೆಪ್ಪಿನ ತುಂಡು ಕಳಚಿ ತೇಲಿಹೋಗಿ ದೂರದ ಇನ್ನೊಂದು ನಾಳವನ್ನು ಮುಚ್ಚಬಲ್ಲದೆಂದೂ ಅವನು ತೋರಿಸಿದನು. ಕಾಲಿನ ರಕ್ತನಾಳದಲ್ಲಿ ಹುಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಹೀಗೆ.

ಎಲ್ಲ ಅಂಗಗಳ ಅದೃಷ್ಟವೂ ಒಂದೇ ಅಲ್ಲ. ಯಕೃತ್ತಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಒಂದು ಹಾದಿ ಮುಚ್ಚಿದರೆ ಇನ್ನೊಂದು ಕಾಪಾಡುತ್ತದೆ. ಮಿದುಳು, ಹೃದಯ, ಮೂತ್ರಪಿಂಡ, ಕರುಳುಗಳಿಗೆ ಅಷ್ಟು ಧಾರಾಳದ ಏರ್ಪಾಡಿಲ್ಲ. ಮಿದುಳಿನ ಧಮನಿ ಮುಚ್ಚಿದಾಗ ಬರುವುದೇ ಜನರು ಲಕ್ವಾ ಹೊಡೆಯಿತೆನ್ನುವ ಪಾರ್ಶ್ವವಾಯು. ಮಿದುಳಿನ ದೊಡ್ಡ ಧಮನಿಯೊಂದು ಮುಚ್ಚಿದರೆ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ. ಹೃದಯದ ಸ್ನಾಯು ಇದಕ್ಕಿಂತ ತುಸು ತಾಳ್ಮೆಯುಳ್ಳದ್ದು. ಆದರೆ ಆ ತಾಳ್ಮೆಗೂ ಮಿತಿಯುಂಟು.

ಹೃದಯದ ಎರಡು ಕಾಲುವೆಗಳು

ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ದೇಹಕ್ಕೆಲ್ಲ ರಕ್ತವನ್ನು ಹಂಚುವ ಈ ಅಂಗವು ತನ್ನೊಳಗೆ ತುಂಬಿರುವ ರಕ್ತದಿಂದ ತನ್ನ ಹಸಿವೆಯನ್ನು ನೀಗಿಕೊಳ್ಳಲಾರದು. ಅದಕ್ಕೆ ಅನ್ನ ತರುವುವು ಅದರ ಮೈಮೇಲೆ ಕಿರೀಟದಂತೆ ಸುತ್ತಿಕೊಂಡಿರುವ ಎರಡು ಧಮನಿಗಳು ಮತ್ತು ಅವುಗಳ ಕವಲುಗಳು. ವರ್ಷಗಳು ಕಳೆದಂತೆ ಈ ಧಮನಿಗಳ ಗೋಡೆಯೊಳಗೆ ಕೊಬ್ಬು ಕೂಡಿಕೊಳ್ಳುತ್ತದೆ. ಅದರ ಮೇಲಿನ ತೆಳು ಹೊದಿಕೆ ಒಂದು ದಿನ ಒಡೆಯುತ್ತದೆ. ಗಾಯವಾಯಿತೆಂದು ಬಗೆದ ರಕ್ತವು, ಕೈ ಕೊಯ್ದಾಗ ಮಾಡುವಂತೆಯೇ, ಅಲ್ಲಿ ಹೆಪ್ಪುಗಟ್ಟುತ್ತದೆ. ಕೈಯ ಗಾಯವನ್ನು ಮುಚ್ಚಿ ಪ್ರಾಣ ಉಳಿಸುವ ಗುಣವೇ ಧಮನಿಯಲ್ಲಿ ದಾರಿಯನ್ನು ಮುಚ್ಚಿ ಪ್ರಾಣಕ್ಕೆ ಎರವಾಗುತ್ತದೆ.

ಈ ಧಮನಿ ಮುಚ್ಚಿದವನು ಅಲ್ಲಿಯೇ ಸಾಯುವನೆಂಬುದು ಬಹು ಕಾಲದ ನಂಬಿಕೆಯಾಗಿತ್ತು. ಅಮೆರಿಕದ ಷಿಕಾಗೊ ನಗರದ ಜೇಮ್ಸ್ ಹೆರಿಕ್ ಎಂಬ ವೈದ್ಯರು 1912ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ, ಧಮನಿ ಮುಚ್ಚಿದ ಮೇಲೂ ರೋಗಿಯು ಗಂಟೆಗಳ ಕಾಲ, ದಿನಗಳ ಕಾಲ, ಕೆಲವೊಮ್ಮೆ ವರ್ಷಗಳ ಕಾಲ ಬದುಕಬಲ್ಲನೆಂದು ಸಾಧಿಸಿದರು. ಅಂದು ಆ ಮಾತಿಗೆ ಯಾರೂ ಹೆಚ್ಚು ಕಿವಿಗೊಡಲಿಲ್ಲ. ಡಚ್ ವಿಜ್ಞಾನಿ ಐಂತೋವನ್ ರೂಪಿಸಿದ ಹೃದಯದ ವಿದ್ಯುತ್ ಲೇಖನ ಯಂತ್ರವು, ಎಂದರೆ ಇಂದಿನ ಇ.ಸಿ.ಜಿ., ಆಸ್ಪತ್ರೆಗಳಲ್ಲಿ ನೆಲೆಗೊಂಡ ಮೇಲೆ ಹೆರಿಕ್ಕರ ಮಾತು ಕಣ್ಣಿಗೆ ಕಾಣುವ ಸತ್ಯವಾಯಿತು.

ಸಾವಿನ ಅಲೆ

ಧಮನಿ ಮುಚ್ಚಿದ ಕೂಡಲೆ ಸ್ನಾಯುವೆಲ್ಲ ಸತ್ತೇಹೋಗುವುದೇ, ಇಲ್ಲವೆ ನಡುವೆ ಸ್ವಲ್ಪ ಹೊತ್ತು ಉಳಿಯುವುದೇ? ಚಿಕಿತ್ಸೆಯ ಭವಿಷ್ಯವೆಲ್ಲ ನಿಂತುದು ಈ ಪ್ರಶ್ನೆಯ ಮೇಲೆ. ಅಮೆರಿಕದ ರೀಮರ್, ಜೆನ್ನಿಂಗ್ಸ್ ಮತ್ತು ಅವರ ಸಂಗಡಿಗರು ನಾಯಿಗಳ ಹೃದಯದ ಧಮನಿಯೊಂದನ್ನು ಗೊತ್ತಾದ ಹೊತ್ತಿನವರೆಗೆ ಕಟ್ಟಿ, ಬಿಚ್ಚಿ, ಆಗಿರುವ ಹಾನಿಯನ್ನು ಅಳೆದು 1977ರಲ್ಲಿ ಉತ್ತರ ಕೊಟ್ಟರು. ನಲವತ್ತು ನಿಮಿಷ ಕಟ್ಟಿದಾಗ ಗೋಡೆಯ ದಪ್ಪದಲ್ಲಿ ಸತ್ತ ಪಾಲು ಸುಮಾರು ನೂರಕ್ಕೆ 38. ಮೂರು ಗಂಟೆ ಕಟ್ಟಿದಾಗ 57. ಆರು ಗಂಟೆಗೆ 71. ಒಂದು ದಿನಕ್ಕೆ 85.

ಸಾವು ಹಬ್ಬಿದ ದಿಕ್ಕೂ ಅಷ್ಟೇ ಗಮನಾರ್ಹವಾದುದು. ಹೃದಯದ ಧಮನಿಗಳು ಹೊರಮೈಯ ಮೇಲೆ ಹರಿದು ಒಳಕ್ಕೆ ಕವಲೊಡೆಯುತ್ತವೆ. ಆದುದರಿಂದ ಒಳಪದರವೇ ಕಾಲುವೆಯ ತುದಿಯ ಮಡಿ. ಮೊದಲು ಸಾಯುವುದು ಅದು. ಅಲ್ಲಿಂದ ಸಾವು ಅಲೆಯಂತೆ ಹೊರಪದರದ ಕಡೆಗೆ ನಡೆಯುತ್ತದೆ. ಕಮಲಾಪುರದ ತೋಟದಲ್ಲಿ ಕಾಣುವ ಕ್ರಮವೇ ಮುಷ್ಟಿಗಾತ್ರದ ಹೃದಯದಲ್ಲಿಯೂ ಕಾಣುತ್ತದೆ. ಅಲೆಯು ಹೊರಪದರವನ್ನು ಮುಟ್ಟುವ ಮೊದಲು ಕಾಲುವೆಯನ್ನು ತೆರೆದರೆ ಉಳಿದ ಸ್ನಾಯು ಉಳಿದೇ ಉಳಿಯುತ್ತದೆ. ಸತ್ತ ಭಾಗ ಮಾತ್ರ ಮತ್ತೆ ಚಿಗುರದು. ಕೆಲವು ವಾರಗಳಲ್ಲಿ ಅದು ಗಟ್ಟಿಯಾದ ಕಲೆಯಾಗಿ ನಿಲ್ಲುತ್ತದೆ. ಕಲೆಯು ಸ್ನಾಯುವಿನಂತೆ ಕುಗ್ಗಿ ಹಿಗ್ಗಿ ರಕ್ತವನ್ನು ನೂಕಲಾರದು. ಕಲೆ ಎಷ್ಟು ದೊಡ್ಡದೋ, ಮುಂದಿನ ಬದುಕಿನಲ್ಲಿ ಏದುಸಿರು ಅಷ್ಟು ಹೆಚ್ಚು.

ಇಷ್ಟಾದರೂ ಹೆಪ್ಪು ಆಘಾತಕ್ಕೆ ಕಾರಣವೋ, ಆಘಾತವಾದ ಮೇಲೆ ಹುಟ್ಟುವ ಪರಿಣಾಮವೋ ಎಂಬ ವಾದ ಮುಗಿದಿರಲಿಲ್ಲ. 1980ರಲ್ಲಿ ಅಮೆರಿಕದ ಡೆವುಡ್ ಎಂಬ ವೈದ್ಯರು, ನೋವು ಬಂದ ನಾಲ್ಕು ಗಂಟೆಗಳೊಳಗೆ ಪರೀಕ್ಷಿಸಿದವರಲ್ಲಿ ನೂರಕ್ಕೆ 87 ಮಂದಿಯ ಧಮನಿ ಪೂರಾ ಮುಚ್ಚಿದ್ದುದನ್ನು ತೋರಿಸಿ ಆ ವಾದಕ್ಕೆ ತೆರೆ ಎಳೆದರು.

ಕಾರಣ ತಿಳಿದ ಮೇಲೆ ಉಪಾಯ ತಡವಾಗಲಿಲ್ಲ. ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೊಕೈನೇಸ್ ಎಂಬ ವಸ್ತುವಿನ ಗುಣವು 1933ರಲ್ಲಿಯೇ ಬೆಳಕಿಗೆ ಬಂದಿತ್ತು. ಇಟಲಿಯಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 1986ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಔಷಧವು ಸಾವನ್ನು ತಗ್ಗಿಸಿತ್ತು. ನೋವು ಬಂದ ಮೊದಲ ಗಂಟೆಯೊಳಗೆ ಪಡೆದವರಲ್ಲಿ ಸಾವು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ಎರಡು ವರ್ಷಗಳ ತರುವಾಯ, ಹದಿನೇಳು ಸಾವಿರಕ್ಕೂ ಹೆಚ್ಚು ಮಂದಿ ಪಾಲುಗೊಂಡ ಇನ್ನೊಂದು ಪರೀಕ್ಷೆಯು ಅಗ್ಗದ ಆಸ್ಪಿರಿನ್ ಗುಳಿಗೆಯೊಂದೇ ಸಾವನ್ನು ಐದರಲ್ಲಿ ಒಂದು ಪಾಲಿಗೂ ಮಿಗಿಲಾಗಿ ಇಳಿಸಬಲ್ಲದೆಂದು ಸಾರಿತು. ಈ ನಡುವೆ, 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಎಂಬ ವೈದ್ಯರು ತೆಳುವಾದ ನಳಿಗೆಯ ತುದಿಗೆ ಪುಟ್ಟ ಬಲೂನನ್ನು ಕಟ್ಟಿ ಹೃದಯದ ಧಮನಿಯನ್ನು ಒಳಗಿನಿಂದಲೇ ಅಗಲಿಸಿದ್ದರು. ಇಂದು ಆಂಜಿಯೋಪ್ಲಾಸ್ಟಿ, ಸ್ಟೆಂಟ್ ಎಂದು ಮನೆಮಾತಾಗಿರುವುದರ ಆರಂಭ ಅದು.

ಕಳೆದುಹೋಗುವ ಆರು ಗಂಟೆ

ಇಷ್ಟೆಲ್ಲ ವಿದ್ಯೆ ಕೈಗೆ ಬಂದ ಮೇಲೆ ಜನರು ಸಾಯುವುದೇಕೆ? ಉತ್ತರವನ್ನು ಹುಡುಕಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಇದ್ದರು. ಅವರ ಮುಂದಾಳುತನದಲ್ಲಿ ಭಾರತದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ವಿವರಗಳನ್ನು ಕೂಡಿಸಿ 2008ರಲ್ಲಿ ಪ್ರಕಟಿಸಲಾಯಿತು. ನೋವು ತೊಡಗಿದಂದಿನಿಂದ ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೆ ಕಳೆದ ಹೊತ್ತಿನ ಮಧ್ಯಮ ಲೆಕ್ಕ 360 ನಿಮಿಷ! ಆಸ್ಪತ್ರೆಗೆ ಬಂದ ಮೇಲೆ ಹೆಪ್ಪು ಕರಗಿಸುವ ಔಷಧ ಸಿಗಲು ಹಿಡಿದುದು 50 ನಿಮಿಷ ಮಾತ್ರ. ಎಂದರೆ ಹೊತ್ತು ಹೆಚ್ಚಾಗಿ ಪೋಲಾದುದು ಆಸ್ಪತ್ರೆಯ ಒಳಗಲ್ಲ. ಮನೆಯ ಪಡಸಾಲೆಯಲ್ಲಿ ಮತ್ತು ದಾರಿಯಲ್ಲಿ. ಅದೇ ಅಧ್ಯಯನದಲ್ಲಿ ಮೂವತ್ತು ದಿನಗಳೊಳಗಿನ ಸಾವು ಉಳ್ಳವರಲ್ಲಿ ನೂರಕ್ಕೆ 5.5 ಇದ್ದರೆ ಬಡವರಲ್ಲಿ 8.2 ಇತ್ತು.

ಪಡಸಾಲೆಯಲ್ಲಿ ಹೊತ್ತು ಕಳೆಯುವುದು ಹೇಗೆ? ಕಮಲಾಪುರದ ಆಚೆಯ ಒಂದು ಹಳ್ಳಿಯ ರಾತ್ರಿಯನ್ನು ಊಹಿಸಿಕೊಳ್ಳೋಣ. ಐವತ್ತು ದಾಟಿದ ಒಕ್ಕಲಿಗನೊಬ್ಬನು ಉಂಡು ಮಲಗಿದ್ದಾನೆ. ನಡುರಾತ್ರಿಯಲ್ಲಿ ಎದೆಯ ಮೇಲೆ ಕಲ್ಲು ಹೇರಿದಂತಾಗಿ ಎದ್ದು ಕೂಡುತ್ತಾನೆ. ಮೈಯೆಲ್ಲ ಬೆವರು. ಹೆಂಡತಿ ಗಾಬರಿಯಿಂದ “ಏನಾಗ್ಲತ್ತದ್ರೀ?” ಎಂದು ಕೇಳುತ್ತಾಳೆ. “ಏನಿಲ್ಲ, ಎದ್ಯಾಗ ಗ್ಯಾಸ್ ಹಿಡದದ” ಎಂದು ಅವನ ಉತ್ತರ. ನೆರೆಮನೆಯ ಹುಡುಗನು ಬಂದು, “ಕಾಕಾ, ಸೋಡಾ ಕುಡೀರಿ, ಹೋಗ್ತದ. ಮುಂಜಾನಿ ಕಲಬುರಗಿಗಿ ಹೋಗಮು” ಎಂದು ಧೈರ್ಯ ಹೇಳುತ್ತಾನೆ. ಎಲ್ಲರ ಮಾತಿನಲ್ಲಿಯೂ ಪ್ರೀತಿಯೇ ಇದೆ. ಆದರೆ ಮುಂಜಾನೆಗೆ ಇನ್ನೂ ಆರು ಗಂಟೆ ಉಂಟು. ಒಳಪದರದಿಂದ ಹೊರಪದರಕ್ಕೆ ಅಲೆಯು ನಡೆಯಲು ಬೇಕಾದುದೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು.

ಈ ತಪ್ಪು ಹಳ್ಳಿಯವರದು ಮಾತ್ರವೆಂದು ಪಟ್ಟಣದವರು ಬೀಗಬೇಕಾಗಿಲ್ಲ. 1955ರ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಡೆನ್ವರ್ ನಗರದಲ್ಲಿ ಬೆಳಗಿನ ಜಾವಕ್ಕೆ ಮೊದಲೇ ಎದೆನೋವು ಬಂದಿತು. ಪತ್ರಿಕೆಯವರಿಗೆ ಆ ಬೆಳಗ್ಗೆ ಹೇಳಿದುದು ಅಜೀರ್ಣವೆಂದು. ಇ.ಸಿ.ಜಿ. ತೆಗೆದು ಹೃದಯಾಘಾತವೆಂದು ಗೊತ್ತಾದುದು ಮಧ್ಯಾಹ್ನದ ಹೊತ್ತಿಗೆ. ಪಕ್ಕದಲ್ಲಿ ವೈದ್ಯರಿದ್ದ ದೇಶಾಧಿಪತಿಯ ಪಾಡೇ ಹೀಗಾದರೆ, ಸಾಮಾನ್ಯನಿಗೆ ಹೊಟ್ಟೆಗೂ ಎದೆಗೂ ವ್ಯತ್ಯಾಸ ತಿಳಿಯದಿರುವುದರಲ್ಲಿ ಆಶ್ಚರ್ಯವೇನು? ಐಸೆನ್‌ಹೋವರ್ ಚೇತರಿಸಿಕೊಂಡು ಮರುವರ್ಷ ಮತ್ತೆ ಚುನಾವಣೆ ಗೆದ್ದರು. ಅದೃಷ್ಟವು ಎಲ್ಲರಿಗೂ ಅಷ್ಟು ಒಲಿಯುವುದಿಲ್ಲ.

ಹತ್ತಿರ ಬಂದ ಆಸ್ಪತ್ರೆ

ಕಲಬುರಗಿಯ ಜನರಿಗೆ ದಾರಿಯ ದೂರವೂ ಒಂದು ಕಾಲಕ್ಕೆ ದೊಡ್ಡ ಶತ್ರುವಾಗಿತ್ತು. ನಗರದಲ್ಲಿ 1963ರಲ್ಲಿಯೇ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ತೆರೆದಿತ್ತು. ಆದರೂ ಹೃದಯದ ದೊಡ್ಡ ಚಿಕಿತ್ಸೆ ಬೇಕೆಂದಾಗ ಅನೇಕರು ನೂರು ಕಿಲೋಮೀಟರಿಗೂ ಮಿಗಿಲಾದ ಸೊಲ್ಲಾಪುರಕ್ಕೋ, ಇನ್ನೂರು ಕಿಲೋಮೀಟರಿಗೂ ಆಚೆಯ ಹೈದರಾಬಾದಿಗೋ ಹೊರಡುತ್ತಿದ್ದರು. ಬೆಂಗಳೂರಂತೂ ಒಂದು ರಾತ್ರಿಯ ಪಯಣ. ಗಂಟೆಗಳಲ್ಲಿ ಸಾಯುವ ಸ್ನಾಯುವಿಗೆ ರಾತ್ರಿಯ ರೈಲಿನಿಂದ ಏನು ಪ್ರಯೋಜನ?

ಬೆಂಗಳೂರಿನ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು ಕಲಬುರಗಿಯಲ್ಲಿ ಶಾಖೆಯನ್ನು ತೆರೆದ ಮೇಲೆ ಈ ಸ್ಥಿತಿ ಬದಲಾಗತೊಡಗಿತು. ಮೊದಲು ಸರ್ಕಾರಿ ವೈದ್ಯಕೀಯ ಕಾಲೇಜಿನ ಆವರಣದಲ್ಲಿದ್ದ ಶಾಖೆಗೆ 2024ರ ಡಿಸೆಂಬರಿನಲ್ಲಿ ಸ್ವಂತ ಕಟ್ಟಡವಾಯಿತು. ಅದರ ಹಾಸಿಗೆಗಳ ಸಂಖ್ಯೆ 371. ಈ ಭಾಗದ ಜಿಲ್ಲೆಗಳಿಗೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಟ್ಟ 371(ಜೆ) ವಿಧಿಯ ನೆನಪು ಆ ಸಂಖ್ಯೆಯಲ್ಲಿದೆ. ಕಮಲಾಪುರದಿಂದ ಅಲ್ಲಿಗೆ ವಾಹನದಲ್ಲಿ ಒಂದು ಗಂಟೆಯ ಹಾದಿ. 2008ರ ನವೆಂಬರಿನಿಂದ ರಾಜ್ಯದಲ್ಲಿ 108 ಆಂಬುಲೆನ್ಸಿನ ಏರ್ಪಾಡೂ ಇದೆ.

ಇನ್ನೂ ಒಂದು ಹೆಜ್ಜೆ ಮುಂದಿಟ್ಟುದು, ನಟ ಪುನೀತ್ ರಾಜಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ. 2021ರ ಅಕ್ಟೋಬರ್ 29ರಂದು, 46ರ ವಯಸ್ಸಿನಲ್ಲಿ, ಅವರು ಹಠಾತ್ತನೆ ಹೃದಯದ ತೊಂದರೆಯಿಂದ ತೀರಿಕೊಂಡಾಗ ನಾಡೇ ಮಂಕಾಯಿತು. ಅವರ ಹೆಸರಿನ ಈ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ತೋರಿಸುತ್ತಾರೆ. ಧಮನಿ ಮುಚ್ಚಿದೆಯೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಅನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಔಷಧವದು. ರೋಗಿಯು ಔಷಧದ ಬಳಿಗೆ ಬರುವ ಬದಲು ಔಷಧವೇ ರೋಗಿಯ ಹತ್ತಿರಕ್ಕೆ ಬರಬೇಕೆಂಬುದು ಇದರ ತಿರುಳು.

ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಯಾವ ಕಟ್ಟಡವಾಗಲಿ, ಯಾವ ಚುಚ್ಚುಮದ್ದಾಗಲಿ, “ಮುಂಜಾನಿ ಹೋಗಮು” ಎಂಬ ನಿರ್ಧಾರವನ್ನು ಬದಲಿಸಲಾರದು. ಅದನ್ನು ಬದಲಿಸಬಲ್ಲವರು ಆ ಪಡಸಾಲೆಯಲ್ಲಿ ಕುಳಿತವರು ಮಾತ್ರ.

ಗುರುತುಗಳು

ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು, ಅದು ಎಡತೋಳಿಗೋ, ಎರಡು ತೋಳಿಗೂ, ಕುತ್ತಿಗೆಗೂ, ದವಡೆಗೂ, ಬೆನ್ನಿಗೂ ಹಬ್ಬುವುದು, ತಣ್ಣನೆಯ ಬೆವರು, ವಾಕರಿಕೆ, ಉಸಿರು ಕಟ್ಟಿದಂತಾಗುವುದು. ಇವು ಕೆಲವು ನಿಮಿಷ ಕಳೆದರೂ ಇಳಿಯದಿದ್ದರೆ ಗ್ಯಾಸೆಂದು ತೀರ್ಮಾನಿಸುವ ಅಧಿಕಾರ ಮನೆಯವರಿಗಿಲ್ಲ, ಅದು ಇ.ಸಿ.ಜಿ.ಗೆ ಬಿಟ್ಟ ವಿಷಯ. ಸ್ತ್ರೀಯರಲ್ಲಿ, ಮುದುಕರಲ್ಲಿ, ಸಕ್ಕರೆ ಕಾಯಿಲೆಯುಳ್ಳವರಲ್ಲಿ ನೋವು ಮಂದವಾಗಿರಬಹುದು, ಇಲ್ಲದೆಯೂ ಇರಬಹುದು. ಬರಿಯ ಸುಸ್ತು, ಏದುಸಿರು, ಬೆವರುಗಳೇ ಸೂಚನೆಯಾಗಬಹುದು. ಮೊದಲ ಇ.ಸಿ.ಜಿ. ಸರಿಯಾಗಿದ್ದು ನೋವು ಮುಂದುವರಿದರೆ ಮತ್ತೆ ತೆಗೆಯಿಸಬೇಕು. ರಕ್ತದಲ್ಲಿ ಟ್ರೊಪೊನಿನ್ ಪರೀಕ್ಷೆಯನ್ನೂ ವೈದ್ಯರು ಮಾಡಿಸುತ್ತಾರೆ. ರೋಗಿಯನ್ನು ನಡೆಸಬಾರದು, ಅವನು ತಾನೇ ಬೈಕ್ ಓಡಿಸಿಕೊಂಡು ಹೊರಡಬಾರದು. ಆಸ್ಪಿರಿನ್ ಗುಳಿಗೆಯನ್ನು ಅಗಿದು ನುಂಗುವುದು ಉಪಕಾರಿ. ಆದರೆ ಅದು ಒಗ್ಗದವರೂ, ರಕ್ತಸ್ರಾವದ ತೊಂದರೆಯವರೂ ಉಂಟಾದುದರಿಂದ ವೈದ್ಯರ ಇಲ್ಲವೆ 108ರವರ ಮಾತಿನಂತೆ ನಡೆಯುವುದು ಲೇಸು.

ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಮಿದುಳಿನ ಇನ್‌ಫಾರ್ಕ್ಷನ್ನಿನ ಗುರುತುಗಳು. ಅಲ್ಲಿ ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಅವಕಾಶ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅದು ರಕ್ತ ಹೆಪ್ಪಾದುದೋ, ನಾಳ ಒಡೆದುದೋ ತಿಳಿಯದೆ ಆಸ್ಪಿರಿನ್ ಕೊಡಲೇಬಾರದು.

ಕಾಲುವೆ ಕಟ್ಟದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. 52 ದೇಶಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲಿಗೆ ಒಂಬತ್ತೇ ಕಾರಣಗಳೆಂದು ಹೇಳಿತು. ತಂಬಾಕು, ರಕ್ತದ ಕೊಬ್ಬು, ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಆ ಪಟ್ಟಿಯಲ್ಲಿವೆ. ಹಣ್ಣು ತರಕಾರಿ ಮತ್ತು ವ್ಯಾಯಾಮಗಳ ಕೊರತೆಯೂ ಇದೆ. ದಕ್ಷಿಣ ಏಷ್ಯದವರಿಗೆ ಆಘಾತವು ಇತರರಿಗಿಂತ ಕೆಲವು ವರ್ಷ ಮೊದಲೇ ಬರುವುದೆಂದೂ ಅದೇ ಅಧ್ಯಯನ ತೋರಿಸಿತು. ಬೀಡಿ ಬಿಡುವುದಕ್ಕೆ ಯಾವ ಆಸ್ಪತ್ರೆಯೂ ಬೇಕಾಗಿಲ್ಲ.

ಬಾಳೆಯ ತೋಟದಲ್ಲಿ ನೀರು ನಿಂತುದನ್ನು ನಡುರಾತ್ರಿಯಲ್ಲಿ ಕಂಡ ರೈತನು ಮುಂಜಾನೆ ನೋಡಿದರಾಯಿತೆಂದು ಮಲಗುವುದಿಲ್ಲ. ಕಂದೀಲನ್ನೋ ಬ್ಯಾಟರಿಯನ್ನೋ ಹಿಡಿದು ಸಲಿಕೆಯೊಡನೆ ಕಾಲುವೆಯ ಬಾಯಿಗೆ ನಡೆಯುತ್ತಾನೆ. ಗಿಡಗಳ ಮೇಲೆ ತೋರುವ ಆ ಕಳಕಳಿಯನ್ನು ಅವನು ತನ್ನ ಎದೆಯ ಮೇಲೂ ತೋರಿದರೆ, ಕಮಲಾಪುರದಿಂದ ಕಲಬುರಗಿ ನಿಜವಾಗಿಯೂ ಒಂದೇ ಗಂಟೆಯ ಹಾದಿ.